ರಣಜಿ ರಸಮೀಮಾಂಸೆ: ಟಿಟ್ವಾಳಾ ಲೋಕಲಿನಲ್ಲಿ ಭಾವ ಮತ್ತು ವಿಕೆಟ್ಟುಗಳ ಸಂಬಂಧ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲು ವಿಘ್ನೇಶನಿಗೆ ನಮಸ್ಕಾರ. ಟಿಟ್ವಾಳಾದಲ್ಲಿ ಕೂತು ಬರೆಯುವವನಿಗೆ ಇದಕ್ಕಾಗಿ ಪ್ರತ್ಯೇಕ ಶ್ರಮವಿಲ್ಲ. ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟವನನ್ನು ರಿಕ್ಷಾದವನು ಕೇಳದೆಯೇ ಮಹಾಗಣಪತಿಯ ಗುಡಿಗೆ ಒಯ್ಯುತ್ತಾನೆ. ಕಣ್ವರ ಆಶ್ರಮ ಇಲ್ಲಿಯೇ ಇತ್ತು, ದುಷ್ಯಂತ ಮರೆತುಬಿಟ್ಟ ಶಕುಂತಲೆ ಇಲ್ಲಿಯ ಗಣಪನನ್ನು ಪೂಜಿಸಿ ಗಂಡನನ್ನು ಮರಳಿ ಪಡೆದಳು ಎಂದು ಸ್ಥಳಪುರಾಣ. ಮದುವೆ ಕೂಡಿಬರದವರೂ ಕೂಡಿಬಂದದ್ದು ಮುರಿದವರೂ ಅಂಗಾರಕಿ ಚತುರ್ಥಿಯ ದಿನ ಕಸಾರಾ ಲೋಕಲಿನಲ್ಲಿ ನೇತಾಡಿಕೊಂಡು ಬರುವುದು ಈ ನಂಬಿಕೆಯಿಂದಲೇ. ಕೈತಪ್ಪಿದ್ದನ್ನು ಮರಳಿ ಕೊಡಿಸುವುದು ಈ ದೇವರ ಖಾತೆ. ರಣಜಿ ಟ್ರೋಫಿ ಆ ಖಾತೆಗೆ ಸೇರುತ್ತದೆಯೇ ಎಂಬ ಪ್ರಶ್ನೆಯನ್ನು ಆಗಮಪಂಡಿತರಿಗೆ ಬಿಟ್ಟು ಮುಂದೆ ಹೋಗೋಣ.

ಪ್ರಾಚೀನರ ಕ್ರಮದಂತೆ ಅನುಬಂಧ ಚತುಷ್ಟಯವನ್ನು ಹೇಳಬೇಕು. ವಿಷಯ: ಬದ್ಧವೈರಿಗಳು ನಾಕೌಟ್ ಪಂದ್ಯದಲ್ಲಿ ಎದುರಾದಾಗ ಭಾವವು ಆಟವನ್ನು ಕೆಡಿಸುತ್ತದೋ ಉದ್ಧರಿಸುತ್ತದೋ. ಪ್ರಯೋಜನ: ಏನೂ ಇಲ್ಲ, ಇದ್ದಿದ್ದರೆ ಇದು ಪ್ರಬಂಧವಾಗುತ್ತಿರಲಿಲ್ಲ. ಸಂಬಂಧ: ಪ್ರಬಂಧಕಾರ ಕನ್ನಡಿಗ, ನೆರೆಹೊರೆ ಮರಾಠಿ, ಮಗ ಮುಂಬೈ ಬೆಂಬಲಿಗ. ಅಧಿಕಾರಿ, ಅಂದರೆ ಓದಲು ಅರ್ಹತೆ ಉಳ್ಳವನು: ಮಧ್ಯ ರೈಲ್ವೆಯ ಸೀಸನ್ ಪಾಸ್ ಹೊಂದಿದವನು. ಪಶ್ಚಿಮ ರೈಲ್ವೆಯವರು ಓದಬಹುದು, ಆಕ್ಷೇಪ ಎತ್ತುವಂತಿಲ್ಲ.

ಈ ಕ್ಷೇತ್ರದಲ್ಲಿ ವಿದೇಶೀ ಪೂರ್ವಸೂರಿಗಳು ಕಾಲೇಜು ಬಾಸ್ಕೆಟ್‌ಬಾಲನ್ನೇ ಹಿಡಿದು ಕೂತಿದ್ದಾರೆ. ಅಮೆರಿಕದಲ್ಲಿ ಮಾರ್ಚ್ ಬಂತೆಂದರೆ 68 ಕಾಲೇಜು ತಂಡಗಳ ಪಂದ್ಯಾವಳಿ. ಒಮ್ಮೆ ಸೋತರೆ ಮನೆಗೆ. 1993ರ ಫೈನಲ್‌ನ ಕೊನೆಯ ಕ್ಷಣಗಳಲ್ಲಿ ಮಿಶಿಗನ್ ಎರಡು ಅಂಕ ಹಿಂದಿದ್ದಾಗ ಕ್ರಿಸ್ ವೆಬ್ಬರ್ ಎಂಬ ಹುಡುಗ ಟೈಮ್‌ಔಟ್ ಕೇಳಿದ. ತಂಡದ ಟೈಮ್‌ಔಟ್‌ಗಳೆಲ್ಲ ಆಗಲೇ ಖರ್ಚಾಗಿದ್ದವು. ದಂಡ ಬಿತ್ತು, ನಾರ್ತ್ ಕೆರೊಲೈನಾ 77-71ರಲ್ಲಿ ಗೆದ್ದಿತು. ಅದೇ ನಾರ್ತ್ ಕೆರೊಲೈನಾಕ್ಕೂ ನೆರೆಯ ಡ್ಯೂಕ್‌ಗೂ ತಲೆಮಾರುಗಳ ಹಗೆ. 2022ರಲ್ಲಿ ಡ್ಯೂಕ್‌ನ ಹಿರಿಯ ತರಬೇತುದಾರ ಮೈಕ್ ಶಶೆಫ್ಸ್ಕಿ ತವರಿನಲ್ಲಿ ಆಡಿಸಿದ ಕಟ್ಟಕಡೆಯ ಪಂದ್ಯವನ್ನೂ, ವೃತ್ತಿಯ ಕಟ್ಟಕಡೆಯ ಪಂದ್ಯವನ್ನೂ ಇದೇ ಹಗೆಗಳಿಗೆ ಸೋತರು. ಭಾವ ಹೆಚ್ಚಾಗಿ ಸೋತರೆಂದು ಅರ್ಧ ಅಮೆರಿಕ, ಎದುರಾಳಿಯ ಭಾವ ಇನ್ನೂ ಹೆಚ್ಚಿತ್ತೆಂದು ಉಳಿದರ್ಧ. ವಿದ್ವತ್ತು ಇಲ್ಲಿಗೆ ಬಂದು ನಿಂತಿದೆ.

ಟಿಟ್ವಾಳಾದಲ್ಲಿ ಈ ವಿದ್ಯೆಯನ್ನು ಪರೀಕ್ಷಿಸಲು ಬಾಸ್ಕೆಟ್‌ಬಾಲ್ ಬೇಕಿಲ್ಲ. ಕರ್ನಾಟಕ–ಮುಂಬೈ ಇದೆ. ಲೋಕಲಿನ ಡಬ್ಬಿ ಇದೆ. ದಾದರದಿಂದ ಡೊಂಬಿವಲಿಗೆ, ಡೊಂಬಿವಲಿಯಿಂದ ಕಲ್ಯಾಣಕ್ಕೆ, ಕಲ್ಯಾಣದ ಬಾಡಿಗೆಯೂ ಏರಿದ ಮೇಲೆ ಶಹಾಡ್, ಆಂಬಿವಲಿ ದಾಟಿ ಇಲ್ಲಿಯವರೆಗೆ ಸರಿದು ಬಂದ ಕನ್ನಡಿಗರು ಇದ್ದಾರೆ: ಉಡುಪಿ ಕಡೆಯ ಹೋಟೆಲಿನವರು, ವಿಜಯಪುರ ಕಡೆಯ ಗುಮಾಸ್ತರು, ಬ್ಯಾಂಕಿನಿಂದ ನಿವೃತ್ತರಾದ ಮೇಲೂ ಪಾಸು ಮಾಡಿಸಿಕೊಳ್ಳುವವರು. ಟಿಟ್ವಾಳಾದಿಂದಲೇ ಹೊರಡುವ ಲೋಕಲ್ ಹಿಡಿದರೆ ಕೂರಲು ಸೀಟು ಸಿಗುತ್ತದೆ, ಸಿಎಸ್‌ಎಂಟಿಗೆ ಒಂದೂವರೆ ಗಂಟೆ. ಚಿಂತನೆಗೆ ಇಷ್ಟು ಅನುಕೂಲ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಮಾದರಿಯ ಗಾತ್ರ: ಡಬ್ಬಿಯಲ್ಲಿ ಹಿಡಿದಷ್ಟು ಜನ. ವಿಧಾನ: ಕಿವಿಗೊಡುವುದು.

ಇನ್ನು ವೈರದ ಇತಿಹಾಸ. 1958-59ರಿಂದ 1972-73ರವರೆಗೆ ಆಗಿನ ಬಾಂಬೆ ಸತತ 15 ಸಲ ರಣಜಿ ಗೆದ್ದಿತು. ಇದನ್ನು ನೆರೆಯವರು ಹೆಮ್ಮೆಯಿಂದ ಹೇಳುತ್ತಾರೆ, ನಾವು ಕಾಲಮಾನದ ಒಂದು ಘಟಕವಾಗಿ ಸ್ವೀಕರಿಸಿದ್ದೇವೆ. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ಋತುವಿನ ಸೆಮಿಫೈನಲ್, 1974ರ ಮಾರ್ಚ್, ಬೆಂಗಳೂರು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಪ್ರಸನ್ನರ ಎಸೆತಕ್ಕೆ ಗಾವಸ್ಕರ್ ಬೌಲ್ಡ್. ಆಮೇಲೆ ಬಾಂಬೆ ನಾಯಕ ಅಜಿತ್ ವಾಡೇಕರ್ ಓಡುವಾಗ ಕಾಲು ಜಾರಿ ರನೌಟ್. ಬಾಂಬೆ 307. ಹದಿನೈದು ವರ್ಷದ ಸಾಮ್ರಾಜ್ಯ ಒಂದು ಜಾರುವಿಕೆಯಲ್ಲಿ ಮುಗಿಯಿತು. ಆ ಕಾಲನ್ನು ಜಾರಿಸಿದ್ದು ಭಾವವೋ ಬೂಟೋ? ಟಿಟ್ವಾಳಾದ ಹಿರಿಯ ಕನ್ನಡಿಗರು ‘ನಮ್ಮವರ ಛಲ’ ಎನ್ನುತ್ತಾರೆ. ಎದುರು ಸೀಟಿನ ಕಾಕಾ ‘ಬೂಟು’ ಎನ್ನುತ್ತಾರೆ. ಭೌತಶಾಸ್ತ್ರ ಕಾಕಾರ ಪರ. ಮೊದಲ ಇನಿಂಗ್ಸ್ ಮುನ್ನಡೆ ನಮ್ಮ ಪರ.

ಎರಡನೆಯ ಸಾಕ್ಷ್ಯ 1981-82ರ ಸೆಮಿಫೈನಲ್, ಮತ್ತೆ ಬೆಂಗಳೂರು. ಎಡಗೈ ಸ್ಪಿನ್ನರ್ ರಘುರಾಮ ಭಟ್ ಹ್ಯಾಟ್ರಿಕ್ ಸಹಿತ ಎಂಟು ವಿಕೆಟ್ ಕಿತ್ತರು. ಎರಡನೆಯ ಇನಿಂಗ್ಸಿನಲ್ಲಿ ಸುನಿಲ್ ಗಾವಸ್ಕರ್ ಕೆಳಗಿನ ಕ್ರಮಾಂಕದಲ್ಲಿ ಬಂದು, ಭಟ್ಟರ ಎಸೆತಗಳಿಗೆ ಎಡಗೈಯಲ್ಲೂ ಉಳಿದವರ ಎಸೆತಗಳಿಗೆ ಬಲಗೈಯಲ್ಲೂ ಬ್ಯಾಟ್ ಮಾಡಿ ಔಟಾಗದೆ ಉಳಿದರು. ಬಾಂಬೆ ಪೂರ್ಣ ಸೋಲನ್ನು ತಪ್ಪಿಸಿಕೊಂಡಿತು, ಫೈನಲ್ ಪ್ರವೇಶ ಮಾತ್ರ ಕರ್ನಾಟಕದ ಪಾಲಾಯಿತು. ಭರತಮುನಿ ಎಂಟು ಸ್ಥಾಯಿಭಾವ, ಮೂವತ್ತಮೂರು ವ್ಯಭಿಚಾರಿಭಾವ, ಎಂಟು ಸಾತ್ತ್ವಿಕಭಾವ ಹೇಳಿದ; ಒಟ್ಟು 49. ಓವರಿಗೊಮ್ಮೆ ಕೈ ಬದಲಿಸುವುದನ್ನು ಈ ಪಟ್ಟಿಯಲ್ಲಿ ಎಲ್ಲಿ ಇಡುವುದು? ಸಿಟ್ಟೆಂದರು ಕೆಲವರು, ಪಿಚ್ಚಿನ ವಿರುದ್ಧ ಪ್ರತಿಭಟನೆಯೆಂದರು ಕೆಲವರು. ತಿರುಗಿ ಹೊರಹೋಗುವ ಚೆಂಡನ್ನು ಒಳಬರುವ ಚೆಂಡಾಗಿ ಮಾಡಿಕೊಂಡ ಶುದ್ಧ ಲೆಕ್ಕಾಚಾರ ಅದು ಎಂಬುದು ಪ್ರಬಂಧಕಾರನ ಮತ. ಮುಂಬೈಯವರು ಇದನ್ನೇ ‘ಖಡೂಸ್’ ಎನ್ನುತ್ತಾರೆ. ಭಾವವಿಲ್ಲದಿರುವುದನ್ನೇ ಒಂದು ಭಾವವಾಗಿ ಬೆಳೆಸಿ, ಅದಕ್ಕೆ ತಲೆಮಾರುಗಟ್ಟಲೆ ಶಿಷ್ಯರನ್ನು ತಯಾರು ಮಾಡಿದ ಊರು ಇನ್ನೊಂದಿಲ್ಲ.

ಈಗ ಮೂಲ ಪ್ರಶ್ನೆ: ಭಾವ ಇರುವುದೆಲ್ಲಿ? ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪರೀಕ್ಷೆಗಾಗಿ ಓದಿದವರಿಗೆ ನಾಲ್ವರ ನೆನಪಿರಬೇಕು. ಭಟ್ಟಲೊಲ್ಲಟನ ಪ್ರಕಾರ ರಸವು ಮೂಲಪಾತ್ರದಲ್ಲಿದೆ, ಅಂದರೆ ಬ್ಯಾಟ್ಸ್‌ಮನ್ನನಲ್ಲಿ. ಬಾಗಿಲ ಬಳಿ ಗಾಳಿ ಕುಡಿಯುತ್ತ ನಿಂತವರೆಲ್ಲ ಲೊಲ್ಲಟನ ಶಿಷ್ಯರು; ‘ಅವನಿಗೆ ಟೆನ್ಷನ್ ಆಯ್ತು, ಅದಕ್ಕೇ ಹೋದ’ ಎನ್ನುವವರು. ಶಂಕುಕನ ಪ್ರಕಾರ ರಸವು ಅನುಮಾನ, ಚಿತ್ರದ ಕುದುರೆಯನ್ನು ಕುದುರೆಯೆಂದು ಗ್ರಹಿಸಿದ ಹಾಗೆ. ಆಟ ನೋಡದೆ ಮೊಬೈಲಿನಲ್ಲಿ ಸ್ಕೋರು ಮಾತ್ರ ತಿರುವಿ ‘ಸಖತ್ ಪ್ರೆಷರ್’ ಎಂದು ಘೋಷಿಸುವವರು ಶಂಕುಕೀಯರು. ಡಬ್ಬಿಯಲ್ಲಿ ಇವರದೇ ಬಹುಮತ. ಭಟ್ಟನಾಯಕ ಸಾಧಾರಣೀಕರಣ ಹೇಳಿದ: ನನ್ನದು ನಿನ್ನದೆಂಬ ಭೇದ ಅಳಿದು ಭಾವ ಎಲ್ಲರದಾಗುತ್ತದೆ. ಇವನು ಕರ್ನಾಟಕ–ಮುಂಬೈ ನಾಕೌಟ್ ದಿನ ಕಲ್ಯಾಣ ಸ್ಟೇಷನ್ನಿನಲ್ಲಿ ರೈಲು ಹತ್ತಿದವನಲ್ಲ. ಅಭಿನವಗುಪ್ತ ಮಾತ್ರ ವಿಷಯ ಬಲ್ಲವನು. ರಸವಿರುವುದು ಸಹೃದಯನಲ್ಲಿ, ಅವನಲ್ಲಿ ಮೊದಲೇ ಹುದುಗಿದ ವಾಸನೆ ಅಲ್ಲಿ ಎಚ್ಚರಗೊಳ್ಳುತ್ತದೆ. ಊರು ಬಿಟ್ಟು ಮೂವತ್ತು ವರ್ಷವಾದರೂ ರೇಷನ್ ಕಾರ್ಡು, ಮತ, ಮನೆಭಾಷೆಯ ಅರ್ಧ ಎಲ್ಲವನ್ನೂ ಮಹಾರಾಷ್ಟ್ರಕ್ಕೆ ಕೊಟ್ಟವನು ರಣಜಿ ನಾಕೌಟ್ ಬಂದ ಕೂಡಲೇ ಬಳ್ಳಾರಿಯವನಾಗುತ್ತಾನಲ್ಲ, ಅದು ವಾಸನೆ.

ಸಾತ್ತ್ವಿಕಭಾವಗಳ ಪರೀಕ್ಷೆಗೆ 2010ರ ಜನವರಿಯ ಮೈಸೂರು ಫೈನಲ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಆಟ ನಡೆದದ್ದು ಮೈಸೂರು ವಿಶ್ವವಿದ್ಯಾಲಯದ ಗಂಗೋತ್ರಿ ಗ್ಲೇಡ್ಸ್‌ನಲ್ಲಿ. ಕಾಲೇಜು ಇಲ್ಲದೆ ವೈರವಿಲ್ಲ ಎನ್ನುವ ಅಮೆರಿಕನ್ ಪಂಡಿತರು ಇಲ್ಲಿಗೆ ತೃಪ್ತರಾಗಬಹುದು. ಮುಂಬೈ 233, ಕರ್ನಾಟಕ 130, ಮುಂಬೈ 234. ಗೆಲ್ಲಲು ಬೇಕಾದದ್ದು 338. ಮನೀಶ್ ಪಾಂಡೆ 144 ಹೊಡೆಯುತ್ತಿದ್ದಷ್ಟು ಹೊತ್ತು ಟಿಟ್ವಾಳಾದಲ್ಲಿ ರೋಮಾಂಚ. ಅವನು ಔಟಾದಾಗ ಸ್ತಂಭ. ಅಗರ್ಕರ್ ಓಡಿ ಬರುವಾಗಲೆಲ್ಲ ಸ್ವೇದ, ಜನವರಿಯ ಚಳಿಯಲ್ಲಿ. ಗುರಿ ಒಂದಂಕಿಗೆ ಇಳಿದಾಗ ವೇಪಥು. ಹೆಂಡತಿ ‘ಏನಾಯ್ತು?’ ಎಂದು ಕೇಳಿದಾಗ ಸ್ವರಭೇದ. 331ಕ್ಕೆ ಕೊನೆಯ ವಿಕೆಟ್ ಬಿದ್ದು ಆರೇ ಆರು ರನ್ನಿನಿಂದ ಸೋತಾಗ ವೈವರ್ಣ್ಯ, ಅಶ್ರು, ಪ್ರಳಯ, ಇದೇ ಕ್ರಮದಲ್ಲಿ. ಎಂಟೂ ಒಂದೇ ಇನಿಂಗ್ಸಿನಲ್ಲಿ. ಕಾಳಿದಾಸನಿಗೂ ಏಳು ಅಂಕ ಬೇಕಾಗಿತ್ತು.

ಅದರ ಮೇಲೆ ಸಂಕ್ರಾಂತಿಯ ಹೊತ್ತು. ನೆರೆಮನೆಯವರು ತಟ್ಟೆ ಹಿಡಿದು ಬಂದು, ಇಲ್ಲಿಯ ರೂಢಿಯಂತೆ, ‘ತಿಳ್‌ಗೂಳ್ ಘ್ಯಾ, ಗೋಡ್ ಬೋಲಾ’ ಅಂದರು. ಎಳ್ಳುಂಡೆ ತಿನ್ನಿ, ಸಿಹಿ ಮಾತಾಡಿ. ಎಳ್ಳುಂಡೆ ತಿನ್ನಲಾಯಿತು. ಅದೇ ಸಂದರ್ಭದಲ್ಲಿ ‘ನಮ್ಮ ಡೊಂಬಿವಲಿಯ ಹುಡುಗ ಅಜಿಂಕ್ಯ’ ಎಂಬ ಮಾತೂ ಬಂತು. ಮುಂಬೈ ಪರ ಆಡಿದ ಆ ಹುಡುಗ ಬೆಳೆದದ್ದು ನಮ್ಮದೇ ಮಾರ್ಗದಲ್ಲಿ, ನಾಲ್ಕೈದು ಸ್ಟೇಷನ್ ಆಚೆ. ಅವನ ಮೇಲೆ ಅಭಿಮಾನ ಪಡಬೇಕೋ ಮುನಿಯಬೇಕೋ ಎಂಬ ಗೊಂದಲಕ್ಕೆ ಭರತನ ಪಟ್ಟಿಯಲ್ಲಿ ‘ವಿತರ್ಕ’ ಎಂಬ ವ್ಯಭಿಚಾರಿಭಾವವಿದೆ. ರವಿ ಶಾಸ್ತ್ರಿಯವರ ಮನೆತನದ ಬೇರು ಮಂಗಳೂರಿನ ಕಡೆಯದು, ಶ್ರೇಯಸ್ ಅಯ್ಯರ್ ತಾಯಿ ತುಳುವರು ಎಂದೆಲ್ಲ ನೆನಪಾದರೆ ವಿತರ್ಕ ಇನ್ನಷ್ಟು ದಪ್ಪವಾಗುತ್ತದೆ. ಮುಂಬೈ ಗೆದ್ದ ದಿನ ಈ ವಂಶಾವಳಿಗಳನ್ನು ಬಿಚ್ಚುವ ಕನ್ನಡಿಗರು, ಸೋತ ದಿನ ಮಡಚಿಡುತ್ತಾರೆ. ಇದು ಡಬ್ಬಿಯಲ್ಲಿ ಪದೇ ಪದೇ ಕಂಡ ಸಂಗತಿ.

2015ರ ಫೆಬ್ರುವರಿಯ ಸೆಮಿಫೈನಲ್ ಪ್ರತ್ಯೇಕ ಅಧ್ಯಾಯಕ್ಕೆ ಅರ್ಹ. ಬೆಂಗಳೂರಿನಲ್ಲಿ ಕರ್ನಾಟಕ 202ಕ್ಕೆ ಔಟಾದಾಗ ಎದುರು ಸೀಟಿನಲ್ಲಿ ಪ್ರಸನ್ನತೆ ಕಂಡಿತು. ಆಮೇಲೆ ವಿನಯ್ ಕುಮಾರ್ 20 ರನ್ನಿಗೆ ಆರು ವಿಕೆಟ್ ಕಿತ್ತು ಮುಂಬೈಯನ್ನು 44ಕ್ಕೆ ಉರುಳಿಸಿದರು. 15.3 ಓವರು. ಟಿಟ್ವಾಳಾ–ಸಿಎಸ್‌ಎಂಟಿ ಸ್ಲೋ ಲೋಕಲ್ ಗುರಿ ಮುಟ್ಟುವುದರೊಳಗೆ ಮುಗಿದುಹೋಗುವ ಬಾಬತ್ತು. ಅಭಿನವಗುಪ್ತ ಏಳು ರಸವಿಘ್ನಗಳನ್ನು ಹೇಳಿದ್ದಾನೆ, ಎಂಟನೆಯದು ಪಾರ್ಸಿಕ್ ಸುರಂಗ. 1916ರಲ್ಲಿ ತೆರೆದ, ಸುಮಾರು 1.3 ಕಿಲೋಮೀಟರ್ ಉದ್ದದ ಆ ಸುರಂಗದಲ್ಲೇ ಫಾಸ್ಟ್ ಲೋಕಲುಗಳು ಆಗಿನ್ನೂ ಓಡುತ್ತಿದ್ದವು. ಒಳಗೆ ಹೊಕ್ಕರೆ ಸಿಗ್ನಲ್ ಮಾಯ. ಹೊರಬಂದಾಗ ಸ್ಕೋರಿನಲ್ಲಿ ವಿಕೆಟ್ಟಿನ ಅಂಕಿ ಬೆಳೆದಿರುತ್ತಿತ್ತು, ರನ್ನಿನದು ನಿಂತಲ್ಲೇ ಇರುತ್ತಿತ್ತು. ಕೇಂದ್ರ ಸರ್ಕಾರ ಆ ಸುರಂಗವನ್ನು ಕನ್ನಡಿಗರ ಪಾಲಿಗೆ ಪುಣ್ಯಕ್ಷೇತ್ರವೆಂದು ಘೋಷಿಸಬೇಕು ಎಂಬ ಬೇಡಿಕೆಗೆ ಡಬ್ಬಿಯಲ್ಲಿ ಅನುಮೋದಕರು ಸಿಕ್ಕಿದ್ದರು. ವಿನಯ್ ಕುಮಾರರಿಗೆ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಅಡ್ಡಹೆಸರು. ಮಧ್ಯ ರೈಲ್ವೆಯ ವೇಳಾಪಟ್ಟಿಯಲ್ಲಿ ಇಲ್ಲದಿದ್ದರೂ ಸಮಯಕ್ಕೆ ಸರಿಯಾಗಿ ಬಂದ ಗಾಡಿ ಅದೊಂದೇ. 2017ರ ಡಿಸೆಂಬರಿನಲ್ಲಿ ನಾಗಪುರದ ಕ್ವಾರ್ಟರ್ ಫೈನಲ್‌ನಲ್ಲಿ ಮತ್ತೆ ಬಂತು, ಹ್ಯಾಟ್ರಿಕ್ ಸಮೇತ. ಮುಂಬೈ ಇನಿಂಗ್ಸ್ ಮತ್ತು 20 ರನ್ನಿನಿಂದ ಸೋತಿತು.

ಇಲ್ಲೊಂದು ಪ್ರತಿಪರೀಕ್ಷೆ ಅಗತ್ಯ. 44ರ ಆ ಸೆಮಿಫೈನಲ್ ಗೆದ್ದ ಕರ್ನಾಟಕ ಫೈನಲ್ ಆಡಿದ್ದು ಮುಂಬೈಯ ವಾಂಖೆಡೆಯಲ್ಲೇ, ತಮಿಳುನಾಡಿನ ಮೇಲೆ. ಕರುಣ್ ನಾಯರ್ 328, ತಂಡ 762, ಇನಿಂಗ್ಸ್ ಮತ್ತು 217 ರನ್ನಿನ ಗೆಲುವು, ಟ್ರೋಫಿ. ಇಷ್ಟೆಲ್ಲ ನಡೆದದ್ದು ಚರ್ಚ್‌ಗೇಟ್‌ನಿಂದ ಕಾಲ್ನಡಿಗೆಯ ದೂರದಲ್ಲಿ. ಆದರೂ ಟಿಟ್ವಾಳಾದಲ್ಲಿ ಆ ಫೈನಲ್ಲಿನ ಮಾತು ಯಾರೂ ಎತ್ತುವುದಿಲ್ಲ. 762 ಯಾರಿಗೂ ನೆನಪಿಲ್ಲ, 44 ಶಾಲೆ ಬಿಟ್ಟ ಹುಡುಗನಿಗೂ ಗೊತ್ತು. ಟ್ರೋಫಿಗಿಂತ ನೆರೆಯವನ ಸೋಲು ರುಚಿ ಎಂಬ ಈ ಸತ್ಯಕ್ಕೆ ನವರಸಗಳಲ್ಲಿ ಜಾಗವಿಲ್ಲ. ಹತ್ತನೆಯ ರಸವೊಂದನ್ನು ಮಂಜೂರು ಮಾಡಬೇಕೆಂದು ಪ್ರಬಂಧಕಾರ ವಿದ್ವತ್ಸಭೆಗೆ ಅರಿಕೆ ಮಾಡಿಕೊಳ್ಳುತ್ತಾನೆ.

ಸಿದ್ಧಾಂತಕ್ಕೆ ಬರೋಣ. 1974ರಲ್ಲಿ, 2010ರಲ್ಲಿ, 2015ರಲ್ಲಿ ಆಟಗಾರರ ಎದೆ ಬಡಿದದ್ದು ಒಂದೇ ತರಹ. ಗೆದ್ದವನ ಎದೆಬಡಿತ ಸಂಜೆಯ ಹೊತ್ತಿಗೆ ಛಲವಾಯಿತು, ಸೋತವನದು ಒತ್ತಡವಾಯಿತು. ಮನೀಶ್ ಪಾಂಡೆಯ ತಂಡ ಇನ್ನು ಏಳು ರನ್ ಹೊಡೆದಿದ್ದರೆ ಮೈಸೂರಿನ ಜನಸಾಗರ ಹುಡುಗರನ್ನು ಹುರಿದುಂಬಿಸಿತು ಎಂದು ಬರೆಯುತ್ತಿದ್ದರು. ಹೊಡೆಯಲಿಲ್ಲ, ಅದೇ ಜನಸಾಗರದ ನಿರೀಕ್ಷೆಯ ಭಾರ ಕುಸಿಯುವಂತೆ ಮಾಡಿತು ಎಂದರು. ವೆಬ್ಬರ್ ಕೇಳಿದ ಟೈಮ್‌ಔಟ್ ಖಾತೆಯಲ್ಲಿ ಒಂದು ಉಳಿದಿದ್ದರೆ ಅದನ್ನೇ ಸಮಯಪ್ರಜ್ಞೆಯೆಂದು ಕೊಂಡಾಡುತ್ತಿದ್ದರು. ಭಾವವು ಸ್ಕೋರನ್ನು ನಿರ್ಧರಿಸುವುದಿಲ್ಲ, ಸ್ಕೋರು ಭಾವವನ್ನು ನಿರ್ಧರಿಸುತ್ತದೆ. ಅದೂ ಪಂದ್ಯ ಮುಗಿದ ಮೇಲೆ, ಸಾಮಾನ್ಯವಾಗಿ ಠಾಣೆ ಮತ್ತು ಕಲ್ಯಾಣದ ನಡುವೆ. ಇದನ್ನು ಖಂಡಿಸಲು ಪ್ರಬಂಧಕಾರನ ಮಗ ಒಂದೇ ಯುಕ್ತಿ ಬಳಸುತ್ತಾನೆ: 2024ರ ಹೊತ್ತಿಗೆ ಮುಂಬೈ ಗೆದ್ದ ರಣಜಿ ಟ್ರೋಫಿಗಳು 42, ಕರ್ನಾಟಕದವು 8. ಇದು ತರ್ಕವಲ್ಲ, ಬರೀ ಅಂಕಿ. ಶಾಸ್ತ್ರಗ್ರಂಥದಲ್ಲಿ ಇದಕ್ಕೆ ಉತ್ತರಿಸುವ ಪದ್ಧತಿ ಇಲ್ಲ.

ಈ ನಿಬಂಧದಲ್ಲಿ ದೋಷ ಕಂಡ ಪಂಡಿತರು ಎರಡೂ ತಂಡಗಳು ಮುಂದಿನ ಸಲ ನಾಕೌಟ್‌ನಲ್ಲಿ ಎದುರಾದಾಗ ಟಿಟ್ವಾಳಾದಿಂದ ಹೊರಡುವ ಬೆಳಗಿನ ಲೋಕಲಿಗೆ ದಯಮಾಡಿಸಿ. ನಿಮಗಾಗಿ ನಾಲ್ಕನೆಯ ಸೀಟು ಹಿಡಿದಿಟ್ಟಿರುತ್ತೇವೆ. ಮುಂಬೈ ಪರ ವಾದಿಸುವವರು ಕಲ್ಯಾಣದವರೆಗಾದರೂ ನಿಂತುಕೊಂಡೇ ವಾದಿಸಬೇಕಾಗುತ್ತದೆ.