ಕುರ್ಚಿಭಾಗ್ಯ ಕರುಣಿಸಿದ ಮಹನೀಯರಿಗೆ

ಮಾನ್ಯ ನೌಕರರ ಯೋಗಕ್ಷೇಮ ವಿಭಾಗದವರೇ,

ತಳೇಗಾಂವ ದಾಭಾಡೆಯಿಂದ ಪುಣೆಯ ಬಳಿಯ ನಿಮ್ಮ ಹಿಂಜವಡಿ ಆಫೀಸಿಗೆ ದಿನಾ ಬಂದು ಹೋಗುವ ಒಂದು ಸೊಂಟದ ಪರವಾಗಿ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಕಾಗದದ ಮೇಲೆ ಮಾತ್ರ. ನಿಜಕ್ಕೂ ಹಾಕಿದರೆ ಎಬ್ಬಿಸಿ ನಿಲ್ಲಿಸಲು ನಿಮ್ಮವರೇ ಇಬ್ಬರು ಬರಬೇಕಾದೀತು.

ಹೊಸ ಕುರ್ಚಿ ತಲುಪಿತು. ಎಂಥ ಕುರ್ಚಿ ಸ್ವಾಮಿ! ಸೊಂಟಕ್ಕೊಂದು ಉಬ್ಬು, ಕತ್ತಿಗೊಂದು ಆಸರೆ, ಸೀಟಿನ ಕೆಳಗೆ ಸಾಲು ಲಿವರ್‌ಗಳು. ಯಾವುದನ್ನು ಎಳೆದರೂ ಬುಸ್ಸೆಂದು ಕೆಳಗಿಳಿಯುತ್ತದೆ. ಮೇಲೆ ಹತ್ತಿಸುವ ಲಿವರ್ ಯಾವುದೆಂದು ನಮ್ಮ ಟೀಮಿನಲ್ಲಿ ಇನ್ನೂ ಯಾರಿಗೂ ತಿಳಿದಿಲ್ಲ. ಇಷ್ಟು ಸುಖಾಸನ ಸಿಕ್ಕ ಮೇಲೆ ಏಳಲು ಮನಸ್ಸೇ ಬಾರದು. ನಿಮ್ಮ ಉದ್ದೇಶವೂ ಅದೇ ಇರಬೇಕು.

ಬೆಳಿಗ್ಗೆ ಸೋಮಾಟಣೆ ಫಾಟಾದಲ್ಲಿ ಕಂಪನಿ ಬಸ್ಸು ಹತ್ತಿ ಕೂರುತ್ತೇನೆ. ದೇಹೂರೋಡ್ ದಾಟಿದರೆ ಬೆಂಗಳೂರು ಹೆದ್ದಾರಿ. ಊರಿಗೇ ಹೊರಟೆ ಎಂಬ ಭ್ರಮೆ ಹುಟ್ಟುವಷ್ಟರಲ್ಲಿ ಹಿಂಜವಡಿಯ ಟ್ರಾಫಿಕ್ ಅದನ್ನು ಬಿಡಿಸುತ್ತದೆ. ಬಸ್ಸಿಳಿದರೆ ಕುರ್ಚಿ, ಕುರ್ಚಿ ಬಿಟ್ಟರೆ ಬಸ್ಸು, ಮನೆಯಲ್ಲಿ ಸೋಫಾ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಕೂತೇ ಇರುವ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗೆ ಹೃದ್ರೋಗ ಕಡಿಮೆ ಎಂದು ಜೆರ‍್ರಿ ಮಾರಿಸ್ ಎಂಬ ವೈದ್ಯ 1953ರಲ್ಲೇ ತೋರಿಸಿದ್ದ. ನಮ್ಮ ಬಸ್ಸಿಗೆ ಕಂಡಕ್ಟರೇ ಇಲ್ಲ. ಹತ್ತಿದವರೆಲ್ಲ ಡ್ರೈವರ್ ಸಾಲಿಗೇ ಸೇರಿದವರು.

ಇನ್ನು ನಿಮ್ಮ 10,000 ಹೆಜ್ಜೆಗಳ ಸ್ಪರ್ಧೆ. ಆ ಅಂಕಿಯನ್ನು ಯಾವ ವೈದ್ಯನೂ ಬರೆದುಕೊಟ್ಟದ್ದಲ್ಲ; 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ಲೆಕ್ಕ. ವಾರವಿಡೀ ಉಳಿದ ಬಾಕಿ ಹೆಜ್ಜೆ ತೀರಿಸಲು ಭಾನುವಾರ ಭಂಡಾರಾ ಡೋಂಗರ್ ಹತ್ತುತ್ತೇನೆ. ಸಂತ ತುಕಾರಾಮರು ಏಕಾಂತ ಬಯಸಿ ಹೋಗುತ್ತಿದ್ದ ಗುಡ್ಡವದು. ಈಗ ನೋಡಿದರೆ ಎಲ್ಲರ ಮಣಿಕಟ್ಟೂ ಪೀಂ ಪೀಂ. ಗಡಿಯಾರ ನನಗೆ 'ಶಾಬಾಶ್' ಅನ್ನುತ್ತದೆ. ಸೋಮವಾರ ಶೂ ಲೇಸು ಕಟ್ಟಲು ಹೆಂಡತಿಯನ್ನು ಕರೆಯುತ್ತೇನೆ.

ಕಳೆದ ತಿಂಗಳು 'ಕೂತೇ ಇರುವುದರ ಅಪಾಯಗಳು' ಎಂಬ ಉಪನ್ಯಾಸ ಏರ್ಪಡಿಸಿದಿರಿ. ಹಾಜರಾತಿ ಕಡ್ಡಾಯ, ನಡುವೆ ಎದ್ದು ಹೋಗುವಂತಿಲ್ಲ. ಸೊಂಟ ಹಿಡಿದು ಎದ್ದು ನಿಂತವನಿಗೆ 'ಎನಿ ಪ್ರಾಬ್ಲಮ್?' ಎಂದು ಮೈಕಿನಲ್ಲೇ ಕೇಳಿದ್ದೂ ಆಯಿತು.

ಬೆನ್ನುನೋವಿನಿಂದ ಚೇತರಿಸಿಕೊಂಡವರನ್ನು ಹಿಡಿದು ಆಸ್ಟ್ರೇಲಿಯಾದಲ್ಲಿ ನಡೆಸಿದ ಪ್ರಯೋಗವೊಂದು 2024ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವಾರಕ್ಕೆ ಐದು ಸಲ ಅರ್ಧ ಗಂಟೆ ನಡೆಯುವ ಗುರಿಯತ್ತ ಮೆಲ್ಲಮೆಲ್ಲಗೆ ಸಾಗಿದವರಲ್ಲಿ ಅರ್ಧದಷ್ಟು ಮಂದಿಗೆ ನೋವು ಮರಳಲು 208 ದಿನ ಹಿಡಿಯಿತು. ಆ ಗುರಿ ಕೊಡದ ಇನ್ನೊಂದು ಗುಂಪಿನಲ್ಲಿ 112. ಅದಕ್ಕೆ ಲಿವರ್ ಬೇಕಾಗಿರಲಿಲ್ಲ.

ಅಷ್ಟು ದೂರವೂ ಬೇಡ, ಪುಣೆಯಲ್ಲೇ ಕೇಳಬಹುದಿತ್ತು. ಕೋಲಾರ ಸೀಮೆಯ ಬೆಳ್ಳೂರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು 1937ರಲ್ಲಿ ಇಲ್ಲಿಗೆ ಬಂದದ್ದು ಆರು ತಿಂಗಳಿಗೆಂದು. (ನಾವೂ ಹಾಗೇ ಬಂದವರು.) 2014ರಲ್ಲಿ ತೀರಿಕೊಳ್ಳುವವರೆಗೂ ಇದೇ ಅವರ ಊರಾಯಿತು. ಅವರ ಯೋಗಶಾಲೆಯಲ್ಲೂ ಕುರ್ಚಿಯುಂಟು: ಮಡಿಸುವ ಕಬ್ಬಿಣದ್ದು, ಒರಗುವ ಭಾಗವನ್ನೇ ಕಿತ್ತು ಹಾಕಿದ್ದು. ಆ ಖಾಲಿ ಜಾಗದಲ್ಲಿ ಕಾಲು ತೂರಿಸಿ ಬೆನ್ನನ್ನು ಹಿಂದಕ್ಕೆ ಬಾಗಿಸಬೇಕು. ನೀವು ಒರಗಿಗೇ ದುಡ್ಡು ಸುರಿದಿರಿ.

ನಮ್ಮ ಕೋರಿಕೆ ಸಣ್ಣದು. ದಿನದ ಮೀಟಿಂಗುಗಳಿಂದ ಅರ್ಧ ಗಂಟೆ ಕತ್ತರಿಸಿ, ಆ ಹೊತ್ತು ನಡೆಯಲು ಬಿಡಿ. ಕ್ಯಾಲೆಂಡರಿನಲ್ಲಿ ಅದನ್ನೂ ಮೀಟಿಂಗ್ ಎಂದೇ ಬರೆದುಕೊಳ್ಳಿ, ತಕರಾರಿಲ್ಲ. ಮೀಟಿಂಗಿನಲ್ಲಿ ಎದ್ದು ನಿಂತವನನ್ನು ರಾಜೀನಾಮೆ ಕೊಡಲು ಎದ್ದವನಂತೆ ನೋಡಬೇಡಿ. ಕುರ್ಚಿ ಬೇಕಿದ್ದರೆ ವಾಪಸು ಒಯ್ಯಿರಿ.

ಇತಿ,
ನಿಂತುಕೊಂಡೇ ಇಷ್ಟನ್ನೂ ಬರೆದ,
ತಳೇಗಾಂವ ದಾಭಾಡೆಯ ಒಬ್ಬ ನೌಕರ