ಸರಪಳಿ ಸಾಮು

ಜಿಮ್ಮಿನ ಮೂಲೆಯಲ್ಲಿ ಝಣ್ ಝಣ್ ಸದ್ದಾಯಿತೆಂದು ಆನೆ ಬಂತೋ ಏನೋ ಅಂತ ಗಾಬರಿ ಬೀಳಬೇಡಿ. ಪಿಯುಸಿ ಮುಗಿಸಿ, ಮೊನ್ನೆ ಮೊನ್ನೆ ಪ್ರೋಟೀನ್ ಪುಡಿ ಕುಡಿಯಲು ಶುರುಮಾಡಿದ ಹುಡುಗನೊಬ್ಬ ಬಾರಿನ ಎರಡೂ ತುದಿಗೆ ಕಬ್ಬಿಣದ ಸರಪಳಿ ನೇತುಹಾಕಿಕೊಂಡು ಸ್ಕ್ವಾಟಿಗೆ ನಿಂತಿದ್ದಾನೆ, ಅಷ್ಟೆ. ಒಬ್ಬ ಗೆಳೆಯ ಮೊಬೈಲ್ ಹಿಡಿದಿದ್ದಾನೆ. ಇನ್ನೊಬ್ಬ ಬೆಳಕು ಸರಿಯಾಗಿ ಬೀಳುತ್ತಿದೆಯೋ ಇಲ್ಲವೋ ನೋಡುತ್ತಿದ್ದಾನೆ. ಸರಪಳಿಯ ಕೆಳತುದಿ ಎಲ್ಲಿದೆ ಅಂತ ಮಾತ್ರ ಮೂವರಲ್ಲಿ ಒಬ್ಬನೂ ನೋಡುತ್ತಿಲ್ಲ. ನೋಡಬೇಕಾದದ್ದು ಅದೊಂದೇ.

ಸರಪಳಿಯನ್ನು ಜಿಮ್ ಸಾಮಾನಿನ ಅಂಗಡಿಯಲ್ಲಿ ಕೊಂಡರೆ ಕೈ ಸುಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಾದರೆ ತೂಕದ ಲೆಕ್ಕಕ್ಕೆ ಸಿಗುತ್ತದೆ. ಅಲ್ಲಿನ ಮಾತುಕತೆ ಯಾವ ಊರಿಗೆ ಹೋದರೂ ಹೆಚ್ಚುಕಡಿಮೆ ಹೀಗೇ:

“ಸರಪಳಿ ಬೇಕಿತ್ತಣ್ಣ, ದಪ್ಪದ್ದು.”

“ಗೇಟಿಗೋ, ಎಮ್ಮೆಗೋ?”

“ನನಗೇ ಅಣ್ಣ.”

ಅಂಗಡಿಯವರು ಒಮ್ಮೆ ಹುಡುಗನನ್ನು, ಒಮ್ಮೆ ತಕ್ಕಡಿಯನ್ನು ನೋಡುತ್ತಾರೆ. “ಮನೇಲಿ ಹೇಳಿ ಬಂದಿದೀಯೇನಪ್ಪ?”

ಈ ಹುಚ್ಚನ್ನು ಲೋಕಕ್ಕೆ ಹತ್ತಿಸಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಲೂಯಿ ಸಿಮನ್ಸ್ ಅವರದು. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಅವರು ಕಟ್ಟಿದ ವೆಸ್ಟ್‌ಸೈಡ್ ಬಾರ್‌ಬೆಲ್ ಒಂಥರಾ ಗರಡಿಮನೆಯೇ. ತಿಂಗಳ ಫೀಜು ಕಟ್ಟಿ ಸೇರುವ ಜಾಗವಲ್ಲ, ಉಸ್ತಾದರು ಬಾ ಅಂದರೆ ಮಾತ್ರ ಪ್ರವೇಶ. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಎಂಬ ಮೂರೇ ಪಟ್ಟಿನ ಪವರ್‌ಲಿಫ್ಟಿಂಗ್ ಅವರ ಲೋಕ. 2022ರಲ್ಲಿ ತೀರಿಕೊಳ್ಳುವ ತನಕ ಅವರು ಸರಪಳಿಯ ಗುಣಗಾನ ನಿಲ್ಲಿಸಲಿಲ್ಲ. ಅವರ ಶಿಷ್ಯರಿಗೆ ಅದನ್ನು ನೇತುಹಾಕುವ ಯೋಗ್ಯತೆ ಇತ್ತು ಅನ್ನಿ. ನಾಲ್ಕುನೂರು ಕೆ.ಜಿ. ಹೆಗಲ ಮೇಲೆ ಹೊತ್ತು ಕೂತು ಏಳುವವನು ಏನು ನೇತುಹಾಕಿಕೊಂಡರೂ ಕೇಳುವವರು ಯಾರು?

ಯುಕ್ತಿ ಮಾತ್ರ ಬಹಳ ಸೊಗಸಾದದ್ದು. ಬಸ್ಕಿ ಹೊಡೆದವರಿಗೆಲ್ಲ ಗೊತ್ತು, ಪ್ರಾಣ ಹೋಗುವುದು ತಳದಲ್ಲಿ. ಪೂರ್ತಿ ಕೂತು ಮೇಲೇಳುವ ಮೊದಲ ಅರ್ಧದಲ್ಲಿ ದೇವರು ಕಾಣುತ್ತಾನೆ, ಮೇಲಿನ ಅರ್ಧದಲ್ಲಿ ಭೂಮಿಗೆ ಬರುತ್ತೇವೆ. ಹಾಗಾಗಿ ಬಾರಿಗೆ ಎಷ್ಟು ತೂಕ ಹಾಕಬೇಕೆಂದು ತೀರ್ಮಾನಿಸುವುದು ಆ ಕಷ್ಟದ ತಳವೇ. ಮೇಲ್ಭಾಗದಲ್ಲಿ ಕಾಲಿಗೆ ಕಸುವಿದ್ದರೂ ಕೆಲಸವಿಲ್ಲ. ಸರಪಳಿ ಕಟ್ಟಿದರೆ, ಕೆಳಗೆ ಕೂರುತ್ತಿದ್ದಂತೆ ಕೊಂಡಿಗಳು ಒಂದೊಂದಾಗಿ ನೆಲಕ್ಕೆ ಇಳಿದು ಸುರುಳಿ ಸುತ್ತಿಕೊಳ್ಳುತ್ತವೆ. ಅವುಗಳ ಭಾರ ಆಗ ನೆಲದ್ದು, ನಿಮ್ಮದಲ್ಲ. ಏಳುತ್ತಿದ್ದಂತೆ ಒಂದೊಂದೇ ಕೊಂಡಿ ನೆಲ ಬಿಟ್ಟು ಬಾರಿಗೆ ಜೋತುಬೀಳುತ್ತದೆ. ಸಂಬಳ ಏರಿದಂತೆ ಮನೆಖರ್ಚೂ ಏರುತ್ತದಲ್ಲ, ಥೇಟ್ ಹಾಗೆ. ಇನ್ನೇನು ಸುಲಭವಾಯಿತು ಅನ್ನುವಷ್ಟರಲ್ಲಿ ಭಾರ ಬಂದು ಕೂತಿರುತ್ತದೆ.

ಇನ್ನೂ ಒಂದು ಲಾಭವಿದೆ. ಬೆಂಚ್ ಪ್ರೆಸ್‌ನಲ್ಲಿ ಹಗುರ ಬಾರನ್ನು ಜೋರಾಗಿ ಮೇಲಕ್ಕೆ ನೂಕಿದರೆ ತೋಳು ನೆಟ್ಟಗಾಗುವ ಮುಂಚೆಯೇ ನಾವೇ ಬ್ರೇಕ್ ಹಾಕಬೇಕಾಗುತ್ತದೆ. ಇಲ್ಲವಾದರೆ ಕೀಲುಗಳು ಬೈಯುತ್ತವೆ. ಸರಪಳಿ ಇದ್ದರೆ ಬ್ರೇಕಿನ ಕೆಲಸ ಅದು ನೋಡಿಕೊಳ್ಳುತ್ತದೆ, ನಾವು ಕೊನೆಯ ತನಕ ನೂಕುತ್ತಲೇ ಇರಬಹುದು. ವೇಗದ ಅಭ್ಯಾಸಕ್ಕೆ ವೆಸ್ಟ್‌ಸೈಡ್‌ನವರು ಅದನ್ನು ನೆಚ್ಚಿಕೊಂಡದ್ದು ಇದಕ್ಕೇ.

ಈಗ ಲೆಕ್ಕಕ್ಕೆ ಬನ್ನಿ. ಜಿಮ್ಮಿನ ಮಾಮೂಲಿ ದಪ್ಪ ಸರಪಳಿ ಐದು ಅಡಿ ಉದ್ದ, ಸುಮಾರು 9 ಕೆ.ಜಿ. ತೂಕ. ಸ್ಕ್ವಾಟಿನಲ್ಲಿ ಬಾರು ಕೆಳಗಿಳಿಯುವುದು ಎರಡು ಅಡಿ ಚಿಲ್ಲರೆ. ಸರಪಳಿಯನ್ನು ನೇರವಾಗಿ ಬಾರಿನಿಂದ ನೇತುಬಿಟ್ಟರೆ ಆ ಎರಡು ಅಡಿಯ ಕೊಂಡಿಗಳು ಮಾತ್ರ ನೆಲ ಸೇರಿಯಾವು. ಅಂದರೆ ಒಂದೊಂದು ಕಡೆಗೆ ನಾಲ್ಕು ಕೆ.ಜಿ. ಆಸುಪಾಸು, ಮಿಕ್ಕ ಐದು ಕೆ.ಜಿ. ಮೇಲೂ ಅಷ್ಟೇ, ಕೆಳಗೂ ಅಷ್ಟೇ. ಬಲ್ಲವರು ಏನು ಮಾಡುತ್ತಾರೆ ಗೊತ್ತೇ? ಬಾರಿಗೆ ಮೊದಲು ಒಂದು ತೆಳು ಸರಪಳಿ ಇಳಿಬಿಟ್ಟು, ಅದರ ತುದಿಯ ಕೊಕ್ಕೆಗೆ ದಪ್ಪ ಸರಪಳಿಯನ್ನು ನಡುಮಧ್ಯಕ್ಕೆ ಮಡಚಿ ಸಿಕ್ಕಿಸುತ್ತಾರೆ. ಆಗ ಎರಡೆರಡು ಎಳೆ ಒಟ್ಟಿಗೆ ಇಳಿದು, ಕೂತಾಗ ಹೆಚ್ಚುಕಡಿಮೆ ಇಡೀ ಸರಪಳಿ ನೆಲದ ಮೇಲಿರುತ್ತದೆ. ಎದ್ದು ನಿಂತಾಗಲೂ ಒಂದೆರಡು ಕೊಂಡಿ ನೆಲ ಮುಟ್ಟಿರುವಂತೆ ನೋಡಿಕೊಳ್ಳುತ್ತಾರೆ. ಇಲ್ಲದಿದ್ದರೆ ಸರಪಳಿ ಉಯ್ಯಾಲೆಯಾಡಿ, ಜೊತೆಗೆ ನಿಮ್ಮನ್ನೂ ಆಡಿಸುತ್ತದೆ.

ನಮ್ಮ ಹುಡುಗನ ಸರಪಳಿಯೋ, ಮೊಣಕಾಲಿನ ಹತ್ತಿರ ನೇತಾಡುತ್ತಿದೆ. ಅವನು ಕೂತರೂ ನೆಲಕ್ಕೆ ಸೋಕುವುದಿಲ್ಲ. ಯಾಕೆಂದರೆ ಅವನು ಕೂರುವುದೇ ಇಲ್ಲ. ದೊಡ್ಡವರಿಗೆ ನಮಸ್ಕಾರ ಮಾಡುವಷ್ಟು ಬಗ್ಗಿ ಎದ್ದುಬಿಡುತ್ತಾನೆ. ನೆಲ ಮುಟ್ಟದ ಸರಪಳಿ ಸದ್ದು ಮಾಡುವ ಪ್ಲೇಟು, ಬೇರೇನೂ ಅಲ್ಲ. ಕೊರಳಿಗೆ ಹಾರದ ಹಾಗೆ ಹಾಕಿಕೊಂಡು ಡಿಪ್ಸ್ ಹೊಡೆಯುವವರ ಕಥೆಯೂ ಇದೇ. ಇನ್ನು ಕರ್ಲ್ ಮಾಡುವಾಗ ಕಟ್ಟಿಕೊಳ್ಳುವ ಮಹಾನುಭಾವರಿದ್ದಾರೆ. ಅಲ್ಲಿ ಕಷ್ಟವಿರುವುದು ನಡುವಿನಲ್ಲಿ, ಸರಪಳಿ ಭಾರವಾಗುವುದು ಕೊನೆಯಲ್ಲಿ. ಕೇಳಿದರೆ “ಪಂಪ್ ಬರುತ್ತೆ ಸಾರ್” ಅನ್ನುತ್ತಾರೆ. ಬರಲಿ ಬಿಡಿ.

ಹಾಗಂತ ಸದ್ದನ್ನೇ ಹಳಿಯುವಷ್ಟು ಅರಸಿಕ ನಾನಲ್ಲ. ಸಾಮಿಗೂ ಸದ್ದಿಗೂ ನಂಟು ಹಳೆಯದು. ಇರಾನಿನ ಗರಡಿಗಳಾದ ಜೂರ್‌ಖಾನೆಗಳಲ್ಲಿ ಹೆದೆಯ ಬದಲು ಸರಪಳಿ ಬಿಗಿದ ಕಬ್ಬಿಣದ ಬಿಲ್ಲನ್ನು ತಲೆಯ ಮೇಲೆ ಅತ್ತಿತ್ತ ಝಾಡಿಸುತ್ತಾರೆ. ಅದೇ ಜಾತಿಯ ಲೇಜಿಮನ್ನು ಉತ್ತರ ಕರ್ನಾಟಕದ ಶಾಲೆಗಳಲ್ಲಿ ಓದಿದವರು ಆಗಸ್ಟ್ 15ರ ಕವಾಯತಿನಲ್ಲಿ ಬೆವರು ಸುರಿಸಿ ಆಡಿಸಿದವರೇ. ಮೈಲಾರಲಿಂಗನ ಜಾತ್ರೆಯಲ್ಲಂತೂ ಸರಪಳಿ ಪವಾಡವೇ ಇದೆ: ಭಕ್ತರು ಕಬ್ಬಿಣದ ಸರಪಳಿಯನ್ನು ಎಳೆದು ಹರಿಯುತ್ತಾರೆ. ಹರಿದು ಎಸೆಯುವವರ ನಾಡಿನಲ್ಲಿ ಹುಟ್ಟಿ ದುಡ್ಡು ಕೊಟ್ಟು ಕಟ್ಟಿಕೊಳ್ಳುವುದೆಂದರೆ ಮೈಲಾರಲಿಂಗ ಏನಂದುಕೊಂಡಾನು!

ಇಷ್ಟೆಲ್ಲ ಕೇಳಿದ ಮೇಲೂ ಸರಪಳಿ ಬೇಕೇ ಬೇಕು ಅನ್ನುವವರಿಗೆ ನನ್ನ ತೀರ್ಪು: ಇದು ವರ್ಷಗಟ್ಟಲೆ ಸರಿಯಾಗಿ ಕೂತು ಎದ್ದು, ತೂಕ ಏರುವುದು ನಿಂತುಹೋದವರ ಆಟ. ತೊಡೆ ನೆಲಕ್ಕೆ ಸಮ ಬರುವಷ್ಟು ಕೂರಲು ಬಾರದವನಿಗೆ ತಳದಲ್ಲಿ ಭಾರ ಇಳಿಸುವ ಯಂತ್ರ ಏಕೆ? ಅವನು ತಳಕ್ಕೆ ಹೋಗಿಯೇ ಇಲ್ಲವಲ್ಲ. ಜಿಮ್ಮಿನ ರ‍್ಯಾಕಿನ ಕೆಳಗೆ ಯಾರೂ ಮುಟ್ಟದ 1.25 ಕೆ.ಜಿ. ಪ್ಲೇಟುಗಳು ಧೂಳು ಹಿಡಿದು ಬಿದ್ದಿರುತ್ತವೆ. ಪೂರ್ತಿ ಕೂತು ಎದ್ದು, ಸಲೀಸಾದಾಗ ಅವನ್ನೊಂದು ಜೊತೆ ಏರಿಸಿ ನೋಡಿ. ಸದ್ದು ಬರುವುದಿಲ್ಲ, ಕಾಲು ಬರುತ್ತದೆ. ಇನ್ನು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಸರಪಳಿ ಸಾಮು ಶುರುಮಾಡಿರುವವರು ದಯವಿಟ್ಟು ನೆಲಕ್ಕೆ ದಪ್ಪನೆಯ ರಬ್ಬರ್ ಹಾಸಿ. ಬೆಳಗಿನ ಐದು ಗಂಟೆಗೆ ಕೆಳಗಿನ ಮನೆಯವರಿಗೆ ಪವಾಡ ಬೇಕಿಲ್ಲ.