ತಕ್ಕಡಿಗೆ ಬಿದ್ದ ಬಾಚಿ

ಪರದೇಶದಲ್ಲಿ ಮನೆ ಖಾಲಿ ಮಾಡುವವರು ಹಳೆ ಸಾಮಾನನ್ನು ಅಂಗಳದಲ್ಲೇ ಹರವಿ ಮಾರುತ್ತಾರಂತೆ. ಆಳಂದ ಸೀಮೆಯ ಮಾದನಹಿಪ್ಪರಗಾದಲ್ಲಿ ಅಷ್ಟು ಅವಸರವಿಲ್ಲ. ಬಡಿಗೇರರ ಮನೆಯ ಬಾಚಿ ಮೊದಲು ಅಟ್ಟಕ್ಕೇರುತ್ತದೆ, ಅಲ್ಲಿಂದ ದನದ ಕೊಟ್ಟಿಗೆಗೆ ಇಳಿಯುತ್ತದೆ, ಮೊಮ್ಮಗ ಮನೆಗೆ ಸ್ಲ್ಯಾಬ್ ಹಾಕಿಸುವಾಗ ಗುಜರಿಯವನ ತಕ್ಕಡಿಗೆ ಬೀಳುತ್ತದೆ.

ತಕ್ಕಡಿಗೆ ಕಬ್ಬಿಣ ಮಾತ್ರ ಗೊತ್ತು. ಹೀಗಾಗಿ ಬಾಚಿಯ ಕಾವು, ಉಳಿಯ ಹಿಡಿ, ರಂಧಾದ ಮರದ ಮೈ ಎಲ್ಲ ಮೊದಲೇ ಒಲೆ ಸೇರಿರುತ್ತವೆ. ಹಳೆ ಸಲಕರಣೆ ಕೂಡಿಡುವ ನನ್ನಂಥ ಹುಚ್ಚರು ಗುರುತು ಹಿಡಿಯಬೇಕಾದ್ದು ಉಳಿದರ್ಧವನ್ನು. ಮೂರು ಬೆರಳಗಲದ ತಗಡಿಗೆ ನಡುವೆ ಉದ್ದನೆಯ ಸೀಳಿದ್ದರೆ ಅದು ರಂಧಾದ ಬ್ಲೇಡು. ಮೇಲೊಂದು ಜೋಡು ತಗಡು ಸ್ಕ್ರೂ ಹಾಕಿಕೊಂಡು ಕೂತಿತ್ತು ಎಂದರ್ಥ. ಗರಗಸವಾದರೆ ಹಲ್ಲು ನೋಡಬೇಕು. ನೆಲದ ಮೇಲೆ ಕೂತು, ಕಟ್ಟಿಗೆಯನ್ನು ಕಾಲಲ್ಲಿ ಒತ್ತಿ ಹಿಡಿದು, ತನ್ನತ್ತ ಎಳೆದು ಕೊಯ್ಯುವುದು ನಮ್ಮ ಹಳೆಯ ರೂಢಿ. ಹಲ್ಲು ಹಿಡಿಯ ಕಡೆ ವಾಲಿದ್ದರೆ ನಮ್ಮದು, ತುದಿಯ ಕಡೆ ವಾಲಿದ್ದರೆ ನಿಂತು ಮುಂದಕ್ಕೆ ನೂಕುವ ದೊರೆಗಳದ್ದು.

ಸೀಮೆಎಣ್ಣೆ ಹಚ್ಚಿ ತುಕ್ಕು ತಿಕ್ಕಿದರೆ ಕೆಲವೊಮ್ಮೆ ಇಂಗ್ಲಿಷ್ ಅಕ್ಷರ ಏಳುತ್ತವೆ. ‘ಶೆಫೀಲ್ಡ್’, ‘ಕ್ಯಾಸ್ಟ್ ಸ್ಟೀಲ್’. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಕರಗಿಸಿ ತೆಗೆದ ಉಕ್ಕಿನ ವಂಶದವು ಅವು. ಆಳಂದ ಸೀಮೆಗೆ ಬಂದದ್ದು ಹೇಗೆ? 1871ರ ಹೊತ್ತಿಗೆ ಮುಂಬಯಿಯ ರೈಲು ಸೊಲ್ಲಾಪುರ, ಕಲಬುರಗಿ ದಾಟಿ ರಾಯಚೂರು ಮುಟ್ಟಿತ್ತು. ಅದರ ಬೆನ್ನಿಗೇ ಬಂದಿರಬೇಕು. ಉಳಿಯ ಮೇಲೆ ‘ಜಿ.ಐ.ಪಿ.’ ಎಂದಿದ್ದರೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದು. ರೈಲ್ವೆಯ ಉಗ್ರಾಣದಿಂದ ಅದು ಹೇಗೆ ಹೊರಬಿತ್ತು ಎಂದು ಯಾರ ಮನೆಯಲ್ಲೂ ಕೇಳಬಾರದು.

ಅಕ್ಷರವಿಲ್ಲದವೇ ಹೆಚ್ಚು. ಊರ ಕಮ್ಮಾರ ಲಾರಿಯ ಕಮಾನು ಪಟ್ಟಿ ಕಾಸಿ ಬಡಿದದ್ದಕ್ಕೆ ಯಾರು ಹೆಸರು ಕೆತ್ತುತ್ತಾರೆ? ಅಂಥ ಒಂದು ಬಾಚಿಯನ್ನು ಓಣಿಯ ಬಡಿಗೇರ ಮುತ್ಯಾನ ಕೈಗಿಟ್ಟೆ. ಕೂರಿಗೆ, ಕುಂಟೆ ಮಾಡಿಕೊಟ್ಟು ಸುಗ್ಗಿಯಲ್ಲಿ ಜೋಳದ ಆಯ ಪಡೆಯುತ್ತಿದ್ದ ಕಾಲದವರು. ಕಣ್ಣು ಮಂಜು. ಹೆಬ್ಬೆರಳನ್ನು ಬಾಯಿಯ ಉದ್ದಕ್ಕೂ ಮೆಲ್ಲಗೆ ಆಡಿಸಿದರು.

“ಎಡಚಂದು ಅದ.”

“ಹೆಂಗ ಗೊತ್ತಾತು ಮುತ್ಯಾ?”

“ಈ ಮೂಲಿ ಸವದದ ನೋಡು. ನಮ್ಮ ದೊಡ್ಡಪ್ಪನೂ ಎಡಚ ಇದ್ದ. ಆದ್ರ ಇದು ಅವಂದಲ್ಲ. ಇಷ್ಟು ಕೆಟ್ಟ ಮಸೀತಿರಲಿಲ್ಲ ಅಂವ.”

ಶೆಫೀಲ್ಡಿನ ಮುದ್ರೆ ಇಷ್ಟು ಹೇಳಲಾರದು.

ಗುಜರಿಯವನಿಗೆ ಈಗ ನನ್ನ ಹುಚ್ಚು ಪತ್ತೆಯಾಗಿದೆ. ತುಕ್ಕು ಕಂಡದ್ದೆಲ್ಲ ಬೇರೆ ಚೀಲದಲ್ಲಿ ಎತ್ತಿಡುತ್ತಾನೆ. ಮೊನ್ನೆ ಪ್ಲಾಸ್ಟಿಕ್ ಹಿಡಿಯ ಪಟಾಸಿ ಉಳಿಯೊಂದನ್ನು ತೆಗೆದು “ನಿಜಾಮನ ಕಾಲದ್ದರಿ ಸರ್” ಎಂದ. ಕಿಲೋಕ್ಕೆ ಎಷ್ಟು ಎಂದೆ.

“ನಿಮಗ ಕಿಲೋ ಲೆಕ್ಕ ಇಲ್ಲರಿ. ನಗದ ಮ್ಯಾಲೆ.”